ಮೂರನೆಯ ನಂಬರು

ಖಾನಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಬೆಳಗಾವಿ ನಿಲ್ದಾಣದ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ ಯಲ್ಲೇಶನಿಗೆ, ತಾನು ಹತ್ತಿರ ಬಂದೊಡನೆ ಅಲ್ಲಿ ಮಾತಾಡುತ್ತಿದ್ದವರೆಲ್ಲ ದನಿ ತಗ್ಗಿಸಿದರು ಅನ್ನಿಸಿತು. ಹಾಗೇನೂ ಇರಲಿಲ್ಲ. ಬಾಜೂಕಿನ ಇಬ್ಬರು ಹೆಂಗಸರು ಮರಾಠಿಯಲ್ಲಿ ಯಾರದೋ ಸೊಸೆಯ ಬಾಣಂತನದ ಸುದ್ದಿ ಹೇಳಿಕೊಳ್ಳುತ್ತಲೇ ಇದ್ದರು. ಅವರ ಒಂದೊಂದು ಮಾತೂ ತನಗೆ ಸ್ಪಷ್ಟವಾಗಿ ಕೇಳುತ್ತಿರುವುದೇ ಅಪರಾಧದಂತೆ ತೋರಿ ಅವನು ಒಂದಿಷ್ಟು ದೂರ ಸರಿದ. ಸರಿದಲ್ಲಿಯೂ ಮಾತಿತ್ತು. ಜಗತ್ತಿನಲ್ಲಿ ಎಲ್ಲರೂ ಇಷ್ಟು ಮಾತಾಡುತ್ತಾರೆಂಬುದು, ಅದೂ ಇಷ್ಟೊಂದು ನಂಬಿಕೆಯಿಂದ ಮಾತಾಡುತ್ತಾರೆಂಬುದು, ಕಳೆದ ತಿಂಗಳವರೆಗೆ ಅವನ ಗಮನಕ್ಕೇ ಬಂದಿರಲಿಲ್ಲ. ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲು ನೋಡಿಕೊಳ್ಳುವ ಶಿವಬಸವ್ವನವರು ಬೆಂಚಿನ ಮೇಲೆ ಚೀಲ ತೊಡೆಗಿಟ್ಟುಕೊಂಡು ಕೂತು ಅವನನ್ನೇ ನೋಡುತ್ತಿದ್ದರು. ಎಲ್ಲರೂ ಅಕ್ಕಾರು ಎಂದು ಕರೆಯುವ ಹಿರಿಯ ಜೀವ. ಮೈಯಲ್ಲಿ ಆರಾಮ ಇಲ್ಲವೇನು ತಮ್ಮಾ ಎಂದು ಕೇಳಿದರು. ಆರಾಮ ಅದೇನ್ರಿ ಎಂದ. ಅಂಗಿಯ ಬೆನ್ನು ಬೆವರಿ ಒದ್ದೆಯಾಗಿತ್ತು.

ಅವರಿಬ್ಬರನ್ನೂ ಕಳಿಸಿದವರು ಪ್ರಿನ್ಸಿಪಾಲರು. ಮೂರನೆಯ ವರ್ಷದ ನಿಖಿತಾ ಎಂಬ ಹುಡುಗಿ ಯಾರಿಗೂ ಹೇಳದೆ ಹಾಸ್ಟೆಲು ಬಿಟ್ಟು ಖಾನಾಪುರದ ಮನೆಗೆ ಹೋಗಿ ಕೂತಿದ್ದಳು. ಕಂಪ್ಯೂಟರಿನಲ್ಲಿ ಗೆಳತಿಗೆ ಬರೆದದ್ದನ್ನು ಕಾಲೇಜಿನಲ್ಲಿ ಯಾರೋ ಓದುತ್ತಾರೆ, ಇನ್ನು ನಾನು ಅಲ್ಲಿಗೆ ಹೋಗುವುದಿಲ್ಲ ಎಂದಳಂತೆ. ಅವಳಪ್ಪ ಬಾಳಪ್ಪ ಫೋನು ಮಾಡಿ ಇದೇನು ಎಂದು ದೊಡ್ಡ ದನಿಯಲ್ಲಿ ಕೇಳಿದ್ದ. ಪ್ರಿನ್ಸಿಪಾಲರು ಕಂಪ್ಯೂಟರ್ ಲ್ಯಾಬಿನ ಮಾಸ್ತರ ಯಲ್ಲೇಶನನ್ನು ಕರೆಸಿ, ಕಂಪ್ಯೂಟರು ಬಲ್ಲವನು ನೀನೊಬ್ಬನೇ, ಅಕ್ಕಾರ ಸಂಗಡ ಹೋಗು, ಹಾಗೆಲ್ಲ ಓದಲು ಸಾಧ್ಯವೇ ಇಲ್ಲವೆಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಹುಡುಗಿಯನ್ನು ಕರೆದುಕೊಂಡು ಬಾ ಎಂದಿದ್ದರು. ಅವರು ಹಾಗೆ ಹೇಳುವಾಗ ಯಲ್ಲೇಶ ಅವರ ಮುಖವನ್ನು ಕದ್ದು ನೋಡಿದ್ದ. ಅಲ್ಲಿ ಏನೂ ಇರಲಿಲ್ಲ. ಅವರಿಗೆ ಖರೇನೇ ಗೊತ್ತಿಲ್ಲ. ಗೊತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಭಯವನ್ನು ಹಂಚಿಕೊಳ್ಳಲು ಒಬ್ಬರಾದರೂ ಸಿಗುತ್ತಿದ್ದರು ಅಂದುಕೊಂಡ. ಹೊರಗೆ ಪಡಸಾಲೆಯಲ್ಲಿ ರೋಹನ ಬೈಕಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ನಿಂತಿದ್ದ. ಕಾಲೇಜು ನಡೆಸುವ ಸಂಸ್ಥೆಯ ಕಾರ್ಯದರ್ಶಿಯ ಮಗ. ಯಲ್ಲೇಶನಿಗಿಂತ ಐದಾರು ವರ್ಷ ಸಣ್ಣವನಾದರೂ ಮೊದಲ ದಿನದಿಂದಲೂ ಏಕವಚನ. "ಛಲೋತ್ನಂಗ ತಿಳಿಸಿ ಬಾ" ಎಂದು ನಕ್ಕಿದ್ದ. ಆ ನಗುವಿಗೆ ಉತ್ತರವಾಗಿ ತನ್ನ ಬಾಯಿಯೂ ಅಗಲವಾದದ್ದನ್ನು ನೆನೆದು ಯಲ್ಲೇಶ ಬಸ್ಸು ಹತ್ತುವಾಗ ಮೆಟ್ಟಿಲು ತಪ್ಪಿದ.

ಕಿಟಕಿಯ ಪಕ್ಕ ಕೂತ. ಟಿಳಕವಾಡಿಯ ಮನೆಗಳು, ರೈಲು ಗೇಟು, ಗೇಟಿನಲ್ಲಿ ಕಾಯುತ್ತ ಗುರ್ ಎನ್ನುವ ಟೆಂಪೋಗಳು. ಅವನು ಮಾಡಿದ್ದು ಬಹಳ ಸಣ್ಣ ಕೆಲಸ. ಮೊದಲು ಅದು ಹೆಮ್ಮೆಯ ಕೆಲಸವೂ ಆಗಿತ್ತು. ಕಾಲೇಜಿನ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಪೆಟ್ಟಿಗೆ ಒಂದೇ, ಆದರೆ ಅದರೊಳಗೆ ಮೂರು ಜಾಲಗಳನ್ನು ಬೇರೆ ಬೇರೆ ಮಾಡಿದ್ದರು. ಆಫೀಸಿನದು ಹತ್ತನೆಯ ನಂಬರು, ಲ್ಯಾಬಿನದು ಇಪ್ಪತ್ತು, ಹೆಣ್ಣುಮಕ್ಕಳ ಹಾಸ್ಟೆಲಿನದು ಮೂವತ್ತು. ಗೋಡೆ ಕಾಣದಿದ್ದರೂ ಗೋಡೆಯಿದ್ದಂತೆ, ಒಂದರ ಮಾತು ಇನ್ನೊಂದಕ್ಕೆ ಕೇಳದು. ಲ್ಯಾಬಿನ ಸರ್ವರ್ ಆಫೀಸಿಗೂ ಬೇಕು ಎಂದಾಗ, ಯಂತ್ರದಲ್ಲಿದ್ದದ್ದು ತಂತಿ ಸಿಕ್ಕಿಸುವ ಒಂದೇ ನೆಟ್‌ವರ್ಕ್ ಕಾರ್ಡು. ಎರಡು ಜಾಲಕ್ಕೆ ಎರಡು ಕಾರ್ಡು ಬೇಕಲ್ಲವೇ ಎಂದು ಎಲ್ಲರೂ ಕೇಳುತ್ತಿದ್ದರೆ, ಅವನು ಆ ಒಂದೇ ಕಾರ್ಡಿಗೆ ಎರಡು ನಂಬರು ಕೊಟ್ಟು, ಒಂದೇ ತಂತಿಯಲ್ಲಿ ಎರಡೂ ಜಾಲಗಳನ್ನು ಎಳೆದು ತೋರಿಸಿದ್ದ. ತರಗತಿಯಲ್ಲಿ ಅದನ್ನು ವಿವರಿಸುವಾಗ ರವಿವಾರ ಪೇಟೆಯ ಮಾತು ಹೇಳಿದ್ದ: ಗೋದಾಮಿಗೆ ಬಾಗಿಲು ಒಂದೇ, ಆದರೆ ಒಂದೊಂದು ಚೀಲದ ಮೇಲೂ ಯಾವ ಅಂಗಡಿಯದೆಂಬ ಗುರುತು ಇರುತ್ತದೆ, ಹಮಾಲ ಗುರುತು ನೋಡಿ ಆಯಾ ಅಂಗಡಿಯ ರಾಶಿಗೆ ಹಾಕುತ್ತಾನೆ, ಚೀಲ ಬಿಚ್ಚಿ ನೋಡುವುದಿಲ್ಲ. ಹುಡುಗರು ನಕ್ಕಿದ್ದರು. ಮುಂದಿನ ಸಾಲಿನಲ್ಲಿದ್ದ ನಿಖಿತಾ ಮಾತ್ರ ನಗದೆ, ಹಮಾಲ ಬಿಚ್ಚಿ ನೋಡಿದರ ಏನಾಗತೈತ್ರಿ ಸರ ಎಂದು ಕೇಳಿದ್ದಳು. ಒಳ್ಳೆಯ ಪ್ರಶ್ನೆ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗಿದ್ದ.

ಆಮೇಲೆ ಒಂದು ಮಧ್ಯಾಹ್ನ ರೋಹನ ಬಂದು, ಸರ್ವರಿನ ಮುಂದಿನ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಕೂತು, ಹಾಸ್ಟೆಲಿನದೂ ಇದಕ್ಕೇ ಹಚ್ಚು ಎಂದ. ಹುಡುಗಿಯರು ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಸಂಸ್ಥೆಗೆ ಒಂದು ಕಣ್ಣು ಬೇಡವೇ, ನಾಳೆ ಹೆಚ್ಚುಕಡಿಮೆಯಾದರೆ ಹೆಸರು ಕೆಡುವುದು ಯಾರದು ಎಂದ. ಅದು ಅಷ್ಟು ಸರಿಯಲ್ಲ ಎಂದು ಯಲ್ಲೇಶ ಹೇಳಬೇಕೆಂದಿದ್ದ. ಹೇಳಿದ್ದು, "ಪ್ರಿನ್ಸಿಪಾಲರಿಗೆ ಒಂದು ಮಾತು..." ಎಂದಷ್ಟೇ. ನಿನ್ನ ನೌಕರಿ ಖಾಯಂ ಮಾಡುವವರು ಪ್ರಿನ್ಸಿಪಾಲರೋ ನಮ್ಮಪ್ಪನೋ ಎಂದು ರೋಹನ ಕೇಳಿದಾಗ ಅವನ ಕೈ ಆಗಲೇ ಕೀಲಿಮಣೆಯ ಮೇಲಿತ್ತು. ಒಂದು ಸಾಲು ಬರೆದರೆ ಕಾರ್ಡಿಗೆ ಮೂರನೆಯ ನಂಬರು, ಹಾಸ್ಟೆಲಿನ ಮೂವತ್ತು, ಬಂತು. ಇನ್ನೂ ಒಂದೆರಡು ಸಾಲು ಬರೆದು, ಹಾಸ್ಟೆಲಿನಿಂದ ಹೊರಗೆ ಹೋಗುವ ಮಾತೆಲ್ಲ ಈ ಯಂತ್ರವನ್ನು ಹಾಯ್ದೇ ಹೋಗುವಂತೆ ಮಾಡಿದ. ಕೆಲಸ ಆಗಿದೆಯೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಪರದೆಯ ಮೇಲೆ ಹರಿಸಿ ನೋಡಿದ. ಅಕ್ಷರಗಳು ಬಂದವು. ಅವ್ವನಿಗೆ ಹುಷಾರಿದೆಯೇ ಎಂದು ಒಬ್ಬಳು ಕೇಳಿದ್ದಳು, ಪರೀಕ್ಷೆಗೆ ಹೆದರಿಕೆಯಾಗುತ್ತಿದೆ ಎಂದು ಇನ್ನೊಬ್ಬಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹುಬ್ಬಳ್ಳಿಯ ಗೆಳತಿಗೆ ನಿಖಿತಾ ಬರೆದ ಸಾಲು ಬಂದದ್ದು ಆಗಲೇ. ಗುಳಿಗೆ ತಪ್ಪಿಸಿದರೆ ಇನ್ನೂ ಫಿಟ್ಸ್ ಬರುತ್ತದೆ, ಬರುವ ಮೊದಲು ಪ್ರತಿ ಸಲವೂ ಸುಟ್ಟ ಬೆಲ್ಲದ ವಾಸನೆ, ಹಾಸ್ಟೆಲಿನಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ನನ್ನ ಕತೆ ಮುಗಿಯಿತು. ರೋಹನ ಅವನ ಹೆಗಲ ಮೇಲಿನಿಂದ ಬಗ್ಗಿ ಅದನ್ನು ಓದಿದ. ಅವನ ಉಸಿರು ಕಿವಿಗೆ ತಾಗುತ್ತಿತ್ತು. ಇಬ್ಬರೂ ಒಟ್ಟಿಗೆ ಓದಿದರು. ಆ ದಿನದಿಂದ ಹಾಸ್ಟೆಲಿನ ಮಾತೆಲ್ಲ ಸರ್ವರಿನಲ್ಲಿ ಕೂಡಿಬಿದ್ದು, ಆಫೀಸಿನಲ್ಲಿದ್ದ ರೋಹನನ ಕಂಪ್ಯೂಟರಿಗೂ ಹೋಗತೊಡಗಿತು.

ಮುಂದೆ ನಡೆದದ್ದು ಕ್ಯಾಂಟೀನಿನಲ್ಲಿ. ಯಲ್ಲೇಶ ಗೋಡೆಯ ಕಡೆ ಮುಖ ಮಾಡಿ ಚಹ ಕುಡಿಯುತ್ತಿದ್ದ. ನಿಖಿತಾ ಒಳಗೆ ಬಂದಳು. ಗೆಳೆಯರ ನಡುವೆ ಕೂತಿದ್ದ ರೋಹನ ಮೂಗು ಏರಿಸಿ, "ಸುಟ್ಟ ಬೆಲ್ಲದ ವಾಸನಿ ಬರಾಕತ್ತೈತಲ್ಲೋ" ಎಂದ. ಉಳಿದವರಿಗೆ ಅದು ಏನೆಂದು ತಿಳಿಯಲಿಲ್ಲ, ಅವನು ನಕ್ಕದ್ದಕ್ಕೆ ನಕ್ಕರು. ಹುಡುಗಿ ನಿಂತಲ್ಲೇ ನಿಂತಳು. ಕೈಯಲ್ಲಿದ್ದ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಸುತ್ತಲೂ ನೋಡಿದಳು, ಮೇಲೆ ತಗಡಿನ ಛಾವಣಿಯನ್ನೂ ನೋಡಿದಳು, ಎಲ್ಲಿಂದ ತನ್ನನ್ನು ನೋಡುತ್ತಿದ್ದಾರೆ ಎಂದು ಹುಡುಕುವವಳಂತೆ. ಯಲ್ಲೇಶ ಚಹದ ಲೋಟ ಕೆಳಗಿಡಲಿಲ್ಲ. ಆ ಸಂಜೆ ಅವಳು ಅವನ ಬಳಿಗೇ ಬಂದಳು; ಮತ್ಯಾರ ಬಳಿಗೆ ಹೋದಾಳು? ಸರ, ಯಾರೋ ನನ್ನ ಮಾತು ಓದುತ್ತಿದ್ದಾರೆ, ನಿಮಗೆ ಮಾತ್ರ ಹುಡುಕಲು ಬರುತ್ತದೆ ಎಂದಳು. ನೋಡುತ್ತೇನೆ ಎಂದು ಅವನು ಕಳಿಸಿದ; ಏನು ಬರೆದಿದ್ದೆ ಎಂದು ಕೇಳಬೇಕಾದ ಮಾತನ್ನು ಕೇಳಲು ಮರೆತ. ಮರೆತದ್ದು ಗೊತ್ತಾದದ್ದು ರಾತ್ರಿ ಹೆಂಡತಿ ಪ್ರಮಿಳಾ ಊಟಕ್ಕೆ ಬಡಿಸುತ್ತಿದ್ದಾಗ. ಕೈಯಲ್ಲಿ ರೊಟ್ಟಿಯ ತುತ್ತು ಹಾಗೇ ನಿಂತಿತು. ಏನೂ ಗೊತ್ತಿಲ್ಲದವನು ಮೊದಲು ಕೇಳುವ ಪ್ರಶ್ನೆಯೇ ಅದು. ತಾನು ಕೇಳಲಿಲ್ಲ. ಆ ಹುಡುಗಿ ಅದನ್ನು ಗಮನಿಸಿದಳೇ? ಏನಾಯಿತೆಂದು ಹೆಂಡತಿ ಕೇಳಿದರೆ ಉಪ್ಪು ಹೆಚ್ಚಾಗಿದೆ ಎಂದ. ಆಕೆ ರುಚಿ ನೋಡಿ, ಇಲ್ಲವಲ್ಲ ಎಂದಳು.

ಬಸ್ಸು ದೇಸೂರು ದಾಟಿತ್ತು. ಕೆಂಪು ನೆಲ, ಅಲ್ಲೊಂದು ಇಲ್ಲೊಂದು ಹಂಚಿನ ಭಟ್ಟಿಯ ಚಿಮಣಿ. ರಸ್ತೆಯ ಅಂಚಿನಲ್ಲಿ ಕುರಿಗಳ ಹಿಂಡೊಂದು ಬಸ್ಸಿಗೆ ಬೆದರಿ ಒಂದರೊಳಗೊಂದು ನುಗ್ಗುತ್ತಿತ್ತು. ಕಂಬಳಿ ಹೊದ್ದ ಕುರುಬ ಬಸ್ಸಿನ ಕಡೆ ನೋಡಲೂ ಇಲ್ಲ. ಯಲ್ಲೇಶನ ಅಪ್ಪ ಮೈಲಾರಲಿಂಗನೂ ಕುರಿ ಕಾದವನೇ, ಆದರೆ ಹಾಗೆ ನಿಂತವನಲ್ಲ. ಯಾವ ಗಾಡಿ ಬಂದರೂ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದ. ಒಮ್ಮೆ ಯಾರದೋ ಕುರಿಗಳು ಯಾರದೋ ಜೋಳದ ಹೊಲ ಮೇದದ್ದಕ್ಕೆ ಹೊಲದ ಧಣಿ ಬಂದು, ಯಾರವಲೇ ಕುರಿ ಎಂದು ಕೂಗಿದಾಗ, ಅಪ್ಪ ಹೋಗಿ ಅವನ ಕಾಲು ಮುಟ್ಟಿದ. ನಮ್ಮ ಕುರಿ ಅಲ್ಲವಲ್ಲಪ್ಪಾ ಎಂದು ಹುಡುಗನಾಗಿದ್ದ ಯಲ್ಲೇಶ ಕೇಳಿದ್ದಕ್ಕೆ, ಮುಟ್ಟಿದರ ನಮ್ಮದೇನ ಹೋಗತೈತಿ ಅಂದಿದ್ದ. ಹೋಗುವುದು ಏನೆಂದು ಆಗ ಹೇಳಲು ಬಂದಿರಲಿಲ್ಲ. ಈಗಲೂ ಬಾರದು. ಬೆನ್ನು ಮೊದಲು ಬಾಗುತ್ತದೆ, ಮನಸ್ಸು ಆಮೇಲೆ ಕಾರಣ ಹುಡುಕುತ್ತದೆ. ಅಕ್ಕಾರು ಚೀಲದಿಂದ ಪೇರಲಹಣ್ಣು ತೆಗೆದು ಕೊಟ್ಟರು. ಆ ಹುಡುಗಿ ಬಹಳ ಶಾಣ್ಯಾ, ಯಾಕೆ ಹೀಗೆ ಮಾಡಿಕೊಂಡಳೋ, ನೀವು ಹೇಳಿದರೆ ಕೇಳುತ್ತಾಳೆ, ನಿಮ್ಮ ಮೇಲೆ ಆಕೆಗೆ ಬಹಳ ವಿಶ್ವಾಸ ಎಂದರು. ಯಲ್ಲೇಶ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಖಾನಾಪುರದಲ್ಲಿ ಇಳಿದ.

ಬಾಳಪ್ಪನದು ಹಂಚು, ಇಟ್ಟಂಗಿಯ ವ್ಯಾಪಾರ. ಮನೆಯ ಮುಂದೆಯೇ ಹಂಚುಗಳನ್ನು ಸಾಲಾಗಿ ಒಟ್ಟಿತ್ತು. ಅವನು ಬರ್ರಿ, ಕುಂದರ್ರಿ ಎಂದು ಕೈ ಮುಗಿದ. ಫೋನಿನಲ್ಲಿ ಕೂಗಿದವನು ಇವನೇ ಎಂದು ನಂಬುವುದು ಕಷ್ಟವಾಯಿತು. ಹೆಂಡತಿ ಬಸವಣ್ಣೆವ್ವ ತಂಬಿಗೆಯಲ್ಲಿ ನೀರು ತಂದಿಟ್ಟಳು, ಅವಲಕ್ಕಿ ಕೊಟ್ಟಳು, ಚಹಕ್ಕೆ ಇಟ್ಟಳು. ನಿಖಿತಾ ಒಳಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಅಕ್ಕಾರು ಮನೆಯ ಸುದ್ದಿ, ಬೆಳೆಯ ಸುದ್ದಿ ಎಲ್ಲ ಮುಗಿಸಿದ ಮೇಲೆ ಬಾಳಪ್ಪ ಯಲ್ಲೇಶನ ಕಡೆ ತಿರುಗಿದ.

"ನೋಡ್ರಿ ಸರ, ನಾವು ಮಣ್ಣಿನ ಕೆಲಸದ ಮಂದಿ. ನಮಗ ಕಂಪ್ಯೂಟರ್ ತಿಳಿಯಂಗಿಲ್ಲ. ಒಂದ ಮಾತು ಹೇಳ್ರಿ. ನನ್ನ ಮಗಳು ಬರದದ್ದು ಬ್ಯಾರೇದವರಿಗೆ ಓದಾಕ ಬರತೈತೋ ಇಲ್ಲೋ?"

"ಬರಂಗಿಲ್ಲರಿ" ಎಂದ ಯಲ್ಲೇಶ.

ಆ ಮಾತು ತನ್ನ ಗಂಟಲಿನಿಂದ ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಗಾಬರಿಯಾಯಿತು. ಅದರ ಹಿಂದೆ ಉಳಿದವೂ ಬಂದವು. ಹಾಸ್ಟೆಲಿನ ಜಾಲವೇ ಬೇರೆ, ಲ್ಯಾಬಿನದೇ ಬೇರೆ, ನಡುವೆ ದಾರಿಯೇ ಇಲ್ಲ. ಹುಡುಗಿಯರು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಯಾರ ಬಾಯಿಂದಲೋ ಹೊರಗೆ ಬಂದಿರಬೇಕು. ಬಾಳಪ್ಪನ ಹೆಗಲು ಸಡಿಲಾಯಿತು. ಬಸವಣ್ಣೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಕೇಳಿದೆಯಾ ಎನ್ನುವಂತೆ ಮಗಳ ಕಡೆ ನೋಡಿದಳು. ಇಷ್ಟೇ, ಮುಗಿಯಿತು, ಇನ್ನು ಬಸ್ಸು ಹತ್ತುವುದು ಎಂದು ಯಲ್ಲೇಶ ಚಹದ ಕಪ್ಪು-ಬಸಿಗೆ ಕೈ ಹಾಕಿದ.

"ಸರ, ಒಂದು ಕೇಳ್ಲೇನ್ರಿ?" ಎಂದಳು ನಿಖಿತಾ. "ಲ್ಯಾಬಿನ ಸರ್ವರಿಗೆ ಕಾರ್ಡ್ ಎಷ್ಟದಾವ್ರಿ?"

"ಒಂದ."

"ಅದಕ್ಕ ನಂಬರ್ ಎಷ್ಟು ಕೊಟ್ಟೀರಿ? ಕ್ಲಾಸಿನ್ಯಾಗ ಎರಡು ಅಂದಿದ್ರಿ. ಹತ್ತು, ಇಪ್ಪತ್ತು."

"ಹೌದು."

"ಈಗರಿ?"

ಯಲ್ಲೇಶ ಬಸಿಯನ್ನು ಕೆಳಗಿಟ್ಟ. ಬಾಳಪ್ಪ ಮಗಳ ಮುಖವನ್ನೂ ಸರ್ ಅವರ ಮುಖವನ್ನೂ ಸರದಿಯ ಮೇಲೆ ನೋಡುತ್ತಿದ್ದ. ಅವನಿಗೆ ಒಂದೂ ತಿಳಿಯುತ್ತಿರಲಿಲ್ಲ, ಆದರೆ ಮಗಳು ಹೀಗೆ ಎದುರು ಕೂತವರೊಂದಿಗೆ ವಿದ್ಯೆಯ ಮಾತಾಡುವುದನ್ನು ಕಂಡು ಅವನ ತುಟಿಯಂಚಿನಲ್ಲಿ ಹೆಮ್ಮೆ ಮೂಡಿತ್ತು. ಆ ಹೆಮ್ಮೆಯನ್ನು ನೋಡಲಾಗದೆ ಯಲ್ಲೇಶ ಹುಡುಗಿಯನ್ನು ನೋಡಿದ.

"ಹಾಸ್ಟೆಲಿನ ಕಂಪ್ಯೂಟರಿನ್ಯಾಗ ನಾ ನೋಡೀನ್ರಿ" ಎಂದಳು ಅವಳು, ಪಾಠ ಒಪ್ಪಿಸುವ ದನಿಯಲ್ಲಿ. "ಹೊರಗ ಹೋಗೂ ದಾರಿ ಬದಲ ಆಗೈತಿ. ಮೊದಲು ಹಾಸ್ಟೆಲಿನ ಹಳೇ ಮಶೀನಿಗೆ ಹೋಗ್ತಿತ್ತು. ಈಗ ಬ್ಯಾರೇ ಕಡೆ ಹೊಂಟೈತಿ. ಅದಕ್ಕ ಕೇಳಿದ್ನಿ. ಕಾರ್ಡಿಗೆ ಈಗ ನಂಬರ್ ಎಷ್ಟು?"

"ಮೂರು."

"ಮೂರನೇದು ತಾನಾಗೇ ಹತ್ತತೈತೇನ್ರಿ?"

"ಇಲ್ಲ. ಯಾರರ ಹಚ್ಚಬೇಕು."

"ಯಾರು ಹಚ್ಯಾರ್ರಿ?"

"ನಾ ಹಚ್ಚೇನಿ."

ಇನ್ನು ಕೂಗುತ್ತಾಳೆ, ಅಪ್ಪನಿಗೆ ಹೇಳುತ್ತಾಳೆ, ಬಾಳಪ್ಪ ಎದ್ದು ಬರುತ್ತಾನೆ ಎಂದು ಅವನು ಕಾದ. ಅವಳ ಕಣ್ಣು ಒಂದು ಸಲ ಅಕ್ಕಾರ ಕಡೆ ಹೋಗಿ ಮರಳಿ ಅವನಲ್ಲಿಗೆ ಬಂತು, ಚೌಕಟ್ಟು ಹಿಡಿದ ಬೆರಳುಗಳು ಬೆಳ್ಳಗಾದವು. ಆಗ ಅವನಿಗೆ ಹೊಳೆಯಿತು. ಅಕ್ಕಾರಿಗೆ ಅವಳ ಬೇನೆಯ ಸುದ್ದಿ ಗೊತ್ತಿಲ್ಲ. ತನಗೆ ಗೊತ್ತು. ಇವನು ಬಾಯಿ ಬಿಟ್ಟರೆ ನನ್ನದು ಮುಗಿಯಿತು ಎಂದು ಅವಳು ಹೆದರಿದ್ದಾಳೆ. ಕೇಳುವ ಪ್ರಶ್ನೆಯನ್ನೆಲ್ಲ ಅಳೆದು ಕೇಳುತ್ತಿರುವುದು ಅದಕ್ಕೆ, ಅವನನ್ನು ಕೆಣಕಬಾರದೆಂದು. ಹುಟ್ಟಿದಾಗಿನಿಂದ ಅವನು ಮಾಸ್ತರರಿಗೆ, ಧಣಿಗೆ, ಆಫೀಸಿನ ಜವಾನನಿಗೆ, ರೋಹನನಿಗೆ ಹೆದರುತ್ತಲೇ ಬಂದವನು. ಹೆದರಿದವರ ಮುಖ ಹೇಗಿರುತ್ತದೆಂದು ಒಳಗಿನಿಂದ ಬಲ್ಲವನು. ಆ ಮುಖ ಈಗ ಎದುರಿನಲ್ಲಿತ್ತು, ತನ್ನ ಕಡೆ ತಿರುಗಿತ್ತು. ಲೋಕದಲ್ಲಿ ತನಗೂ ಹೆದರುವವರು ಒಬ್ಬರಿದ್ದಾರೆ. ರೋಹನನ ಎದುರು ನಿಂತಾಗ ಆಗುತ್ತಿದ್ದ ಭಯ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಅದನ್ನ ತಗೀಬೇಕಾಗೇತಿ" ಎಂದ. "ಇವತ್ತ ತಗೀತೇನಿ. ನೀ ಬಂದು ಬಾಜೂಕ ನಿಂತು ನೋಡು. ಬ್ಯಾರೇ ಯಾವ ಮಾತೂ ನನ್ನ ಬಾಯಿಂದ ಎಲ್ಲೂ ಬರಂಗಿಲ್ಲ."

ಅವಳು ಚೌಕಟ್ಟಿನಿಂದ ಕೈ ತೆಗೆದಳು. ಆಮೇಲೆ ಅಪ್ಪನಿಗೆ, "ನಾ ಇವರ ಜೋಡಿ ಹೋಗ್ತೇನಪಾ" ಎಂದು ಹೇಳಿ ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದಳು. ಬಾಳಪ್ಪ ಎದ್ದು ಬಂದು ಯಲ್ಲೇಶನ ಎರಡೂ ಕೈ ಹಿಡಿದು, ನೀವು ಬಂದದ್ದು ದೊಡ್ಡ ಉಪಕಾರವಾಯಿತು ಎಂದ. ಮಣ್ಣಿನಿಂದ ಒರಟಾದ ಆ ಅಂಗೈಗಳಿಂದ ಕೈ ಬಿಡಿಸಿಕೊಳ್ಳುವುದು ಹೇಗೆಂದು ಯಲ್ಲೇಶನಿಗೆ ತಿಳಿಯಲಿಲ್ಲ.

ತಿರುಗಿ ಬರುವಾಗ ನಿಖಿತಾ ಅಕ್ಕಾರ ಪಕ್ಕ ಕೂತಳು, ಅವನು ಹಿಂದೆ. ದಾರಿಯುದ್ದಕ್ಕೂ ಅವಳ ಜಡೆಯ ಕೊನೆಯ ರಿಬ್ಬನ್ನು ಕಾಣುತ್ತಿತ್ತು. ಪ್ರಮಿಳಾಗೆ ಏನು ಹೇಳುವುದೆಂದು ಯೋಚಿಸಿದ. ನೌಕರಿ ಹೋಗುತ್ತದೆ. ಹೋಗದಂತೆ ಮಾಡುವ ದಾರಿಗಳೂ ಒಂದೊಂದಾಗಿ ತಲೆಗೆ ಬಂದವು: ಅವಳ ಎದುರು ತೆಗೆದು ಸಂಜೆ ಮತ್ತೆ ಹಚ್ಚಬಹುದು, ಇಲ್ಲವೆ ತೆಗೆದಂತೆ ತೋರಿಸಿ ಬೇರೆ ಹೆಸರಿನಲ್ಲಿ ಇಡಬಹುದು. ಅವೆಲ್ಲ ತಾನು ಕರೆಯದೆಯೇ ಬರುತ್ತಿದ್ದವು. ತನ್ನ ತಲೆಯೇ ತನಗೆ ಭಯ ಹುಟ್ಟಿಸುವ ಜಾಗವಾಗಿದೆ ಎಂದುಕೊಂಡು ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೆಳಗಾವಿಯಲ್ಲಿ ಇಳಿದು ಆಟೋ ಮಾಡಿದರು. ಅಕ್ಕಾರು, ಹಾಸ್ಟೆಲಿಗೆ ಹೋಗಿ ಒಂದಿಷ್ಟು ಮಲಗು ಮಗಳೇ ಎಂದರೆ ನಿಖಿತಾ, ಮೊದಲು ಲ್ಯಾಬಿಗೆ ಎಂದಳು. ನೀವೂ ಬರ್ರಿ ಅಕ್ಕಾರ ಎಂದೂ ಹೇಳಿದಳು. ಒಬ್ಬಳೇ ಬರಲು ಅವಳಿಗೆ ಧೈರ್ಯವಿಲ್ಲ ಎಂಬುದು ಯಲ್ಲೇಶನಿಗೆ ಅರ್ಥವಾಯಿತು.

ಶನಿವಾರದ ಮಧ್ಯಾಹ್ನ, ಲ್ಯಾಬು ಖಾಲಿ. ಅಕ್ಕಾರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು. ಯಲ್ಲೇಶ ಸರ್ವರಿನ ಮುಂದೆ ಕೂತ. ಹಾಸ್ಟೆಲಿನ ದಾರಿಯನ್ನು ಅದರ ಹಳೆಯ ಯಂತ್ರಕ್ಕೆ ತಿರುಗಿಸಿದ. ಆಮೇಲೆ ಕಾರ್ಡಿನಿಂದ ಮೂವತ್ತನೆಯ ನಂಬರು ಕಿತ್ತ. ಕಾರ್ಡು ತೋರಿಸ್ರಿ ಎಂದಳು ನಿಖಿತಾ. ತೋರಿಸಿದ, ಹತ್ತು ಇತ್ತು, ಇಪ್ಪತ್ತು ಇತ್ತು. ಸ್ವಿಚ್ಚಿನ ಕಡೆಯಿಂದಲೂ ತಗೀರಿ, ಇಲ್ಲಾಂದ್ರ ನಾಳೆ ಒಂದು ಸಾಲು ಬರದ್ರ ಮತ್ತ ಹತ್ತತೈತಿ ಎಂದಳು. ಅದನ್ನೂ ತೆಗೆದ. ಈವರೆಗೆ ಕೂಡಿಟ್ಟದ್ದನ್ನು ಅಳಿಸಿದ. "ರೋಹನ ಸಾಹೇಬರ ಕಂಪ್ಯೂಟರಿನ್ಯಾಗ ಇರೂದು ನನ್ನ ಕೈಯಾಗಿಲ್ಲ" ಎಂದು ತಲೆ ಎತ್ತದೆ ಹೇಳಿದ. ಆ ಹೆಸರನ್ನು ಅವನು ಅವಳ ಮುಂದೆ ಹೇಳಿದ್ದು ಅದೇ ಮೊದಲು. ಅವಳು, ಗೊತ್ತೈತ್ರಿ ಎಂದಳು.

ಹೊರಗೆ ಬೈಕು ನಿಂತ ಸದ್ದು ಕೇಳಿತು. ಯಲ್ಲೇಶನ ಕಾಲುಗಳು ತಾವಾಗಿಯೇ ಎದ್ದು ನಿಂತವು. ರೋಹನ ಒಳಗೆ ಬಂದವನು ಬಾಗಿಲ ಮರೆಯಲ್ಲಿ ಕೂತ ಅಕ್ಕಾರನ್ನು ನೋಡಲಿಲ್ಲ, ಯಂತ್ರದ ಹಿಂದೆ ನಿಂತ ಹುಡುಗಿಯನ್ನೂ ನೋಡಲಿಲ್ಲ.

"ಹಾಸ್ಟೆಲ್ ಬರವಲ್ಲದಲ್ಲೋ. ಏನಾತು?"

"ತಗದೇನ್ರಿ" ಎಂದ ಯಲ್ಲೇಶ. ಮೇಜು ಹಿಡಿದುಕೊಂಡ.

"ಯಾರ್ನ ಕೇಳಿ ತಗದಿ? ಹಚ್ಚು ಮತ್ತ."

"ಹಚ್ಚಂಗಿಲ್ಲರಿ."

ರೋಹನ ಇನ್ನೂ ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಕಡೆಯಿಂದ ಅಕ್ಕಾರ ದನಿ ಬಂತು. ಕಂಪ್ಯೂಟರಿನ ಒಂದು ಗುಂಡಿಯನ್ನೂ ಒತ್ತಿದವರಲ್ಲ ಅವರು. ನಿಧಾನವಾಗಿ ಕೇಳಿದರು. "ಹಾಸ್ಟೆಲ್ ನಿನಗ ಯಾಕ ಬರಬೇಕೋ ರೋಹನ?"

ಅವನು ತಿರುಗಿ ನೋಡಿದ. ಅಕ್ಕಾರು ಸ್ಟೂಲಿನಿಂದ ಎದ್ದು, ಪ್ರಿನ್ಸಿಪಾಲರು ಮನೆಯಲ್ಲೇ ಇರುತ್ತಾರೆ, ಎಲ್ಲರೂ ಅಲ್ಲಿಗೇ ಹೋಗೋಣ, ಯಲ್ಲೇಶ ನೀವೂ ಬರಬೇಕು, ಇದು ಏನೆಂದು ಅಲ್ಲಿ ಬಿಡಿಸಿ ಹೇಳಬೇಕು ಎಂದರು. ಅವರು ಯಲ್ಲೇಶನಿಗೆ ತಮ್ಮಾ ಎನ್ನಲಿಲ್ಲ. ರೋಹನ ನಗಲು ನೋಡಿದ, ಆಗಲಿಲ್ಲ. ಅಪ್ಪನಿಗೆ ಫೋನು ಮಾಡಲು ಆಫೀಸಿನ ಕಡೆ ಹೊರಟುಹೋದ. ಇನ್ನು ಆಗುವುದೆಲ್ಲ ಯಲ್ಲೇಶನಿಗೆ ಗೊತ್ತಿತ್ತು. ರೋಹನನಿಗೆ ಒಂದಷ್ಟು ಬುದ್ಧಿಮಾತು, ತನಗೆ ಸೋಮವಾರದಿಂದ ಬರಬೇಡವೆಂಬ ಮಾತು. ವಿಚಿತ್ರವೆಂದರೆ ಅದಕ್ಕೆ ಹೆದರಿಕೆಯಾಗಲಿಲ್ಲ. ಅವನು ಬಾಗಿಲಲ್ಲಿ ನಿಂತು, ನಿಖಿತಾ ಮೊದಲು ಹೋಗಲಿ ಎಂದು ಗೋಡೆಗೆ ಸರಿದ. ಅವಳು ಚೀಲ ಎತ್ತಿಕೊಂಡು ಬಂದಳು. ಅವನ ಹತ್ತಿರ ಬರುತ್ತಿದ್ದಂತೆ ಉಸಿರು ಬಿಗಿಹಿಡಿದು, ದುಪಟ್ಟಾದ ಅಂಚನ್ನು ಮುಷ್ಟಿಯಲ್ಲಿ ಸುತ್ತಿಕೊಂಡು, ಅವನಿಗೆ ಎಲ್ಲಿಯೂ ತಾಗದಂತೆ, ಕಟ್ಟಿ ಹಾಕದ ನಾಯಿಯ ಮುಂದೆ ಮಕ್ಕಳು ದಾಟುವ ಹಾಗೆ, ಎದುರಿನ ಚೌಕಟ್ಟಿಗೆ ಮೈ ಒತ್ತಿಕೊಂಡು ದಾಟಿದಳು.